ದವಡೆಯ ರಾತ್ರಿ ಪಾಳಿ

ಬೆಳಗ್ಗೆ ಚಹಾ ಕೊಡುತ್ತಾ ಹೆಂಡತಿ ಕೇಳಿದಳು, "ಅಡಿಕೆ ಸುಲಿದು ಮುಗಿದು ತಿಂಗಳಾಯ್ತು, ನೀವು ರಾತ್ರಿಯಿಡೀ ಎಂತ ಸುಲೀತಿದ್ರಿ?" ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನಂತೆ. ನನಗೇನು ಗೊತ್ತು, ಮಲಗಿರ್ತೇನಲ್ವಾ! ಆಯಿ ಒಳಗಿನಿಂದಲೇ "ಹೊಟ್ಟೇಲಿ ಹುಳ ಆಗಿರಬೇಕು ತಮಾ" ಅಂದಳು. ಐವತ್ತು ದಾಟಿದವನಿಗೆ ಹುಳದ ಔಷಧಿ!

ಆದರೆ ಬಾಯಿ ದೊಡ್ಡದಾಗಿ ತೆರೆದರೆ ಕಿವಿಯ ಮುಂದೆ ಕಟ್ ಅನ್ನುತ್ತಿತ್ತು, ಥೇಟ್ ಅಡಕತ್ತರಿ ಸದ್ದು. ಶಿರಸಿಯ ಹಲ್ಲಿನ ಡಾಕ್ಟರು ಅಲ್ಲೇ ಬೆರಳಿಟ್ಟು, ಬಾಯಿ ತೆಗೆಸಿ ಮುಚ್ಚಿಸಿ ನೋಡಿದರು. ದವಡೆಯ ಕೀಲು ಅಡಕತ್ತರಿಯ ಹಾಗೆ ನಿಂತಲ್ಲೇ ತಿರುಗುವುದಲ್ಲವಂತೆ, ತಿರುಗುತ್ತಾ ಮುಂದಕ್ಕೂ ಜಾರುತ್ತದೆ. ನಡುವೆ ಸಣ್ಣ ಬಿಲ್ಲೆಯಿದೆ, ಜಾಗ ತಪ್ಪಿದ್ದು ಮತ್ತೆ ಕೂರುವಾಗ ಆ ಸದ್ದು. ಬರೀ ಸದ್ದಾದರೆ ಹೆದರಬೇಕಿಲ್ಲ, ನಿಮಗೆ ನೋವೂ ಇದೆ, ಹಲ್ಲೂ ಸವೆದಿದೆ ಅಂದರು. ಆಮೇಲೆ "ಕವಳ ಹಾಕ್ತೀರಾ?" ಅಂತ ಕೇಳಿದರು. ಎಲೆಯಡಿಕೆ ಜಗಿಯುತ್ತೀರಾ ಅಂತ ಶಿರಸಿಯಲ್ಲಿ ಕೂತು ಕೇಳುವ ಪ್ರಶ್ನೆಯಾ ಇದು?

ಬಾಯಿ ತುಂಬ ತಣ್ಣನೆಯ ಹಿಟ್ಟಿನಂಥದ್ದು ಒತ್ತಿ ಅಚ್ಚು ತೆಗೆದರು. ವಾರ ಬಿಟ್ಟು ಸ್ಪ್ಲಿಂಟ್ ಬಂತು, ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚ. ಗಟ್ಟಿ ಅಕ್ರಿಲಿಕ್, ಕುದುರೆ ಲಾಳದ ಆಕಾರ. ಮೇಲಿನ ಹಲ್ಲಿಗೆ ಟಕ್ಕಂತ ಕೂರುತ್ತದೆ. ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲೆಲ್ಲ ಚೂರು ಚೂರೇ ಉಜ್ಜಿ, ಕೆಳಗಿನ ಹಲ್ಲು ಎರಡೂ ಕಡೆ ಸಮ ತಾಗುವ ತನಕ ಡಾಕ್ಟರು ಬಿಡಲಿಲ್ಲ. ಹಂಡೆಯ ಬಿಸಿನೀರಲ್ಲಿ ತೊಳೆಯಬೇಡಿ, ಆಕಾರ ಕೆಡುತ್ತದೆ ಅಂದರು. ಮೊದಲ ರಾತ್ರಿ ದಿಂಬೆಲ್ಲ ಜೊಲ್ಲು. "ಸೊಳ್ಳೆ ಪರದೆ ಸರಿ ಮಾಡು" ಅಂದದ್ದು "ಶೊಳ್ಳೆ ಪರದೆ ಶರಿ ಮಾಡು" ಆಯಿತು.

ತಮಾಷೆಯೆಂದರೆ ಇದು ಕಡಿಯುವುದನ್ನು ನಿಲ್ಲಿಸುವ ಸಾಮಾನಲ್ಲ. ಹಲ್ಲಿನ ಬದಲು ತಾನು ಸವೆಯುತ್ತದೆ, ಅಷ್ಟೇ. ಮೂರು ತಿಂಗಳಾದ ಮೇಲೆ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ, ದವಡೆ ಹಲ್ಲಿನ ಜಾಗದಲ್ಲಿ ಹೊಳಪು ಹೋಗಿ ಸಣ್ಣ ಸಣ್ಣ ಗೀರು. ಒಂದು ಗೀರು ಆಸ್ತಿ ಹಿಸೆ ಪಂಚಾಯ್ತಿಯ ರಾತ್ರಿಯದ್ದೇ ಇರಬೇಕು. ಆ ದಿನ ಅಣ್ಣನೆದುರು ಹಲ್ಲು ಕಚ್ಚಿಕೊಂಡು ಸುಮ್ನೆ ಕೂತಿದ್ದೆ, ದೊಡ್ಡ ಮನುಷ್ಯನ ಹಾಗೆ.

ಹಗಲಲ್ಲೂ ಹಾಗೆ ಕಚ್ಚಬಾರದಂತೆ. ತಿನ್ನುವಾಗ, ನುಂಗುವಾಗ ಬಿಟ್ಟರೆ ಮೇಲಿನ ಕೆಳಗಿನ ಹಲ್ಲು ತಾಗಲೇಬಾರದು. "ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ" ಅಂದರು ಡಾಕ್ಟರು. ಹಲ್ಲು ಬಿಡಬೇಡ ಅಂತ ಬೈಸಿಕೊಂಡೇ ಬೆಳೆದವನು ನಾನು!

ನೋವು ಈಗ ಎಷ್ಟೋ ಕಡಿಮೆ. ಕವಳ ಮಾತ್ರ ನಿಂತಿದೆ. ಮೊನ್ನೆ ಆಯಿ ತನ್ನ ಕುಟ್ಟಾಣಿಯಲ್ಲಿ ಕುಟ್ಟಿದ್ದರಲ್ಲೇ ಚೂರು ನನ್ನ ಮುಂದಿಟ್ಟಳು. "ಜಗೀಬೇಡ ಅಂದದ್ದಲ್ವಾ ಡಾಕ್ಟ್ರು? ಇದು ಜಗಿದೇ ಆಯ್ತಲ್ಲ."