ಮಳೆಗಾಲಕ್ಕೆಂದು ಟೈರಿನ ಗಾಳಿ ಇಳಿಸಬೇಡಿ

ಮಳೆಗಾಲದಲ್ಲಿ ಟೈರಿನ ಗಾಳಿ ನಾಲ್ಕೈದು ಪಾಯಿಂಟ್ (ಪಿಎಸ್‌ಐ, ಗಾಳಿಯ ಒತ್ತಡದ ಅಳತೆ) ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂದು ನಿಮ್ಮ ಲೇಖನದಲ್ಲಿದೆ. ದಯವಿಟ್ಟು ಇದನ್ನು ತಿದ್ದಿ. ಕೆಸರು, ಮರಳಿಗೆ ಹೊಂದುವ ಉಪಾಯ ಡಾಂಬರು ರಸ್ತೆಯಲ್ಲಿ ಅಪಾಯ. ಗಾಳಿ ಕಡಿಮೆಯಾದರೆ ಟೈರಿನ ನಡುಭಾಗ ಒಳಕ್ಕೆ ಬಾಗುತ್ತದೆ, ಗ್ರಿಪ್‌ನ ಕಾಲುವೆಗಳು ಮುಚ್ಚಿಕೊಂಡು ನೀರು ಹೊರಗೆ ಹೋಗುವುದಿಲ್ಲ. ಟೈರು ನೀರಿನ ಪದರದ ಮೇಲೆ ತೇಲಲು ಶುರುವಾಗುವ ವೇಗವೂ ಇಳಿಯುತ್ತದೆ. ವಿಮಾನದ ಟೈರುಗಳಿಗಾಗಿ ನಾಸಾ 1963ರಲ್ಲಿ ಕೊಟ್ಟ ಸೂತ್ರ ಹಾಕಿ ನೋಡಿ: 32 ಪಿಎಸ್‌ಐಗೆ ಗಂಟೆಗೆ ಸುಮಾರು 94 ಕಿ.ಮೀ., 24ಕ್ಕೆ ಸುಮಾರು 82. ಕಾರಿಗೆ ಅಂಕಿ ಹಾಗೇ ಹೊಂದದು, ಸವೆದ ಟೈರು ಇನ್ನೂ ಬೇಗ ತೇಲುತ್ತದೆ.

ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವಷ್ಟೇ ಗಾಳಿ ಹಾಕಿಸಿ, ಅದೂ ಟೈರು ತಣ್ಣಗಿರುವಾಗ. ಸವೆತ ತೋರಿಸಲೆಂದು ಕಾಲುವೆಯೊಳಗೆ ಇರುವ ಅಡ್ಡ ದಿಬ್ಬ 1.6 ಮಿ.ಮೀ. ಎತ್ತರದ್ದು. ಗ್ರಿಪ್ ಅಲ್ಲಿವರೆಗೆ ಸವೆಯಲು ಕಾಯದೆ 3 ಮಿ.ಮೀ. ಉಳಿದಾಗಲೇ ಬದಲಿಸುವುದು ಒಳ್ಳೆಯದು. ಎರಡೇ ಹೊಸ ಟೈರು ಕೊಂಡರೆ ಹಿಂದಕ್ಕೆ ಹಾಕಿಸಿ. ಹಿಂದಿನವು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿಯುವುದು ಬಹಳ ಕಷ್ಟ.

ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ ಕಾರು ತೇಲುತ್ತಿದೆ ಎಂದರ್ಥ. ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ಎತ್ತಿ, ಸ್ಟೀರಿಂಗ್ ನೇರವಾಗಿ ಹಿಡಿದು, ಹಿಡಿತ ಮರಳುವವರೆಗೆ ಕಾಯಿರಿ. ಕ್ರೂಸ್ ಕಂಟ್ರೋಲ್ (ಕಾರು ತಾನೇ ಒಂದೇ ವೇಗ ಕಾಯ್ದುಕೊಳ್ಳುವ ವ್ಯವಸ್ಥೆ) ಮಳೆಯಲ್ಲಿ ಬೇಡವೇ ಬೇಡ. ಶಿರಾಡಿ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲೇ ಇರಿ, ಆದರೆ ತಿರುವಿನ ನಡುವೆ ಗೇರು ಇಳಿಸಿ ಕ್ಲಚ್ಚನ್ನು ಫಕ್ಕನೆ ಬಿಡಬೇಡಿ. ಆ ಜಗ್ಗಿಗೇ ಚಕ್ರ ಜಾರುತ್ತದೆ.