ಗ್ರಬ್ ಯಾವ ಡಿಸ್ಕಿಗೆ ಹೋಗುತ್ತದೆ ನೋಡಿಕೊಳ್ಳಿ
ವಿಂಡೋಸ್ ಲ್ಯಾಪ್‌ಟಾಪಿಗೆ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಜೋಡಿಸಿ ಅದರಲ್ಲಿ ಲಿನಕ್ಸ್ ಹಾಕಲು, ಇನ್‌ಸ್ಟಾಲರ್‌ನಲ್ಲಿ ಆ ಎಸ್‌ಎಸ್‌ಡಿ ಆರಿಸಿದರೆ ಸಾಕು ಅಂತ ಒಂದು ಲೇಖನದಲ್ಲಿದೆ. ಉಬುಂಟು ವಿಷಯದಲ್ಲಿ ಅದು ಸಾಲದು. ಫೈಲುಗಳೆಲ್ಲ ಎಸ್‌ಎಸ್‌ಡಿಗೇ ಹೋದರೂ ಗ್ರಬ್ (ಕಂಪ್ಯೂಟರ್ ಆನ್ ಆದಾಗ ಉಬುಂಟುವನ್ನು ಶುರು ಮಾಡುವ ಬೂಟ್‌ಲೋಡರ್) ಮಾತ್ರ ಎಷ್ಟೋ ಸಲ ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ನಲ್ಲಿ (ಬೂಟ್ ಫೈಲುಗಳಿಗೆ ಮೀಸಲಾದ ಚಿಕ್ಕ ಭಾಗ), ವಿಂಡೋಸಿನ ಬೂಟ್ ಫೈಲುಗಳ ಪಕ್ಕದಲ್ಲೇ ಹೋಗಿ ಕೂರುತ್ತದೆ. ಆಮೇಲೆ ಎಸ್‌ಎಸ್‌ಡಿ ಕಿತ್ತು ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ 'ಗ್ರಬ್>' ಅಂತ ಒಂದೇ ಸಾಲು. ಗಾಬರಿ ಬೇಡ, ವಿಂಡೋಸ್ ಹಾಳಾಗಿರುವುದಿಲ್ಲ. ಬೂಟ್ ಮೆನುವಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ತೆರೆದುಕೊಳ್ಳುತ್ತದೆ.

ಇದನ್ನು ಮೊದಲೇ ತಪ್ಪಿಸುವುದು ಒಳ್ಳೆಯದು. ಬಯೋಸ್‌ನಲ್ಲಿ ಒಳಗಿನ ಡಿಸ್ಕ್ ಆಫ್ ಮಾಡುವ ಆಯ್ಕೆ ಇದ್ದರೆ ಇನ್‌ಸ್ಟಾಲ್ ಮುಗಿಯುವವರೆಗೆ ಆಫ್ ಮಾಡಿಡಿ. ಇಲ್ಲದಿದ್ದರೆ ಲೈವ್ ಸೆಷನ್‌ನಲ್ಲಿ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡಿಸುವ ಉಬುಂಟು) ಪಾರ್ಟಿಷನ್ ತಿದ್ದುವ ಜಿಪಾರ್ಟೆಡ್ ತೆರೆದು, ಒಳಗಿನ ಇಎಫ್‌ಐ ಪಾರ್ಟಿಷನ್‌ನ 'ಬೂಟ್', 'ಇಎಸ್‌ಪಿ' ಫ್ಲ್ಯಾಗುಗಳನ್ನು (ಅದು ಇಎಫ್‌ಐ ಪಾರ್ಟಿಷನ್ ಅಂತ ತೋರಿಸುವ ಗುರುತು) ತೆಗೆಯಿರಿ. ಮುಗಿದ ಮೇಲೆ ಮರೆಯದೆ ವಾಪಸ್ ಹಾಕಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇರುವವರು ಬಯೋಸ್ ಮುಟ್ಟುವ ಮುಂಚೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಲೇಬೇಕು.

ಎಸ್‌ಎಸ್‌ಡಿಯಲ್ಲಿ ಜಿಪಿಟಿ ಮಾದರಿಯ ಪಾರ್ಟಿಷನ್ ಟೇಬಲ್, 512 ಎಂಬಿಯ ಫ್ಯಾಟ್32 ಇಎಫ್‌ಐ ಪಾರ್ಟಿಷನ್, ಉಳಿದದ್ದು ಲಿನಕ್ಸಿನ ಎಕ್ಸ್‌ಟ್4 ಫಾರ್ಮ್ಯಾಟಿನಲ್ಲಿರಲಿ. ಬೇರೆ ಕಂಪ್ಯೂಟರಿನಲ್ಲೂ ಬೂಟ್ ಆಗಬೇಕಿದ್ದರೆ ಗ್ರಬ್-ಇನ್‌ಸ್ಟಾಲ್ ಕಮಾಂಡಿಗೆ 'ರಿಮೂವಬಲ್' ಆಯ್ಕೆ ಕೊಡಿ. ಆಗ ಬೂಟ್‌ಲೋಡರ್ 'ಇಎಫ್‌ಐ/ಬೂಟ್' ಫೋಲ್ಡರಿಗೆ ಹೋಗುತ್ತದೆ. ಹೊಸ ಡ್ರೈವ್ ಚುಚ್ಚಿದಾಗ ಫರ್ಮ್‌ವೇರ್ (ಬಯೋಸ್) ಬೂಟ್‌ಲೋಡರ್ ಹುಡುಕುವುದು ಅಲ್ಲೇ.

ಎಸ್‌ಎಸ್‌ಡಿ ಬದಲು ಪೆನ್‌ಡ್ರೈವ್ ಸಾಕೇ ಅಂತ ಕೇಳುವವರಿಗೆ: ಬೇಡ. ಚಿಕ್ಕ ಚಿಕ್ಕ ಫೈಲು ಬರೆಯುವಾಗ ಅದು ತೆವಳುತ್ತದೆ, ಅಪ್‌ಡೇಟ್ ಹಾಕಿದರೆ ಸಿಸ್ಟಮ್ಮೇ ನಿಂತಂತಾಗುತ್ತದೆ.