ಮೊದಲ ಸಲದವರಿಗೆ ವಿಶೇಷ ರಿಯಾಯಿತಿ

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿಗೆ ಚೌಕಾಸಿ ಮಾಡಿದರೆ ಅಂಗಡಿಯವನು ಮುಖ ಗಂಟಿಕ್ಕುತ್ತಾನೆ. ಶಿಕ್ಷೆಗೆ ಚೌಕಾಸಿ ಮಾಡಿ ನೋಡಿ, ಸರ್ಕಾರವೇ ಕರೆದು ಕೂರಿಸುತ್ತದೆ. ತಪ್ಪು ಒಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳೋ, ಪ್ಲೀ ಬಾರ್ಗೇನಿಂಗ್ ಅನ್ನೋ ಈ ವ್ಯಾಪಾರ 2006ರಿಂದಲೇ ಶುರು. ಗರಿಷ್ಠ 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಿಗೆ ಮಾತ್ರ. ಹೆಂಗಸರು, ಮಕ್ಕಳ ಮೇಲಿನ ಅಪರಾಧಕ್ಕಿಲ್ಲ. ಅಷ್ಟರಮಟ್ಟಿಗೆ ಸರಿ.

ಈಗ ಲೆಕ್ಕ ನೋಡಿ. ಸಿರುಗುಪ್ಪ ಕಡೆಯ ಒಬ್ಬ ಹುಡುಗ, ಯಾರದೋ ಹೊಲದ ಪಂಪ್‌ಸೆಟ್ ಮೋಟರ್ ಕದ್ದ ಆರೋಪ ಅಂತಿಟ್ಟುಕೊಳ್ಳಿ. ಮೊದಲ ಕೇಸು. ಜಾಮೀನೇನೋ ಸಿಕ್ಕಿದೆ, ಪಹಣಿ ಹಿಡ್ಕೊಂಡು ಬಂದು ಶ್ಯೂರಿಟಿ ಹಾಕೋರಿಲ್ಲ. 7 ತಿಂಗಳಿಂದ ಒಳಗೇ ಇದ್ದಾನೆ. ಕಳ್ಳತನಕ್ಕೆ ಹೆಚ್ಚೆಂದರೆ 3 ವರ್ಷ. ಮೊದಲ ಸಲದವನು ಚೌಕಾಸಿಗೆ ಬಂದರೆ ಆರರಲ್ಲಿ ಒಂದು ಭಾಗ, ಅಂದ್ರೆ 6 ತಿಂಗಳು. ಒಳಗಿದ್ದ ದಿನ ಅದರಲ್ಲೇ ವಜಾ. ಪಾಪ, ಒಂದು ತಿಂಗಳು ಅಡ್ವಾನ್ಸ್ ಜಾಸ್ತಿಯೇ ಕಟ್ಟಿದ್ದಾನೆ.

“ಕದ್ದೆ ಅನ್ನು ತಮ್ಮಾ, ಸಂಜೆಗೆ ಮನೇಲಿರ್ತೀಯ” ಅಂತಾರೆ ವಕೀಲರು.

“ನಾನು ಕದ್ದಿಲ್ಲ ಸಾರ್.”

“ಹಂಗಾದ್ರೆ ಒಳಗಿರು.”

ವಕೀಲರದೇನೂ ತಪ್ಪಿಲ್ಲ. ಕದ್ದಿಲ್ಲ ಅನ್ನುವ ಮೊದಲ ಸಲದವನನ್ನು ಶ್ಯೂರಿಟಿಯಿಲ್ಲದ ಬರೀ ಬಾಂಡ್ ಮೇಲೆ ಬಿಡಲು ಹೊಸ ಕಾನೂನು, ಅಂದರೆ ನಾಗರಿಕ ಸುರಕ್ಷಾ ಸಂಹಿತೆ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆಯಲಿ ಅನ್ನುತ್ತದೆ. 12 ತಿಂಗಳು! ಕಳ್ಳನಿಗೆ 6, ಕಳ್ಳನಲ್ಲದವನಿಗೆ 12.

ಬಲವಂತ ಇರಬಾರದು ಅಂತ ಜಡ್ಜ್ ಸಾಹೇಬರು ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು, ಸ್ವಂತ ಇಷ್ಟದಿಂದ ಬಂದಿದ್ದೀಯಾ ಅಂತ ಕೇಳಬೇಕು. ಕೇಳುತ್ತಾರೆ. ಹುಡುಗ “ಹೌದು ಸ್ವಾಮಿ” ಅನ್ನುತ್ತಾನೆ. ಜೈಲಿನಿಂದ ಹೊರಗೆ ಹೋಗುವ ಇಷ್ಟ ಅವನದೇ ಅಲ್ವಾ? ಆಮೇಲೆ ಮಾಮೂಲಿ ಅಪೀಲೂ ಇಲ್ಲ.

ದೊಡ್ಡವರು ಈ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಬೇಲೆಕೇರಿ ಬಂದರಿನಿಂದ ಅದಿರು ಮಾಯವಾದದ್ದು 2010ರಲ್ಲಿ, ವಿಶೇಷ ಕೋರ್ಟಿನ ತೀರ್ಪು ಬಂದದ್ದು 2024ರಲ್ಲಿ. ಹೊರಗಿದ್ದುಕೊಂಡು ಡೇಟಿನ ಮೇಲೆ ಡೇಟು ತಗೊಳ್ಳುವವರಿಗೆ ಚೌಕಾಸಿ ಯಾಕೆ ಬೇಕು?

ಹುಡುಗ ಮನೆಗೆ ಬಂದ. ಮುಂದಿನ ಸಲ ಊರಲ್ಲಿ ಮೋಟರ್ ಕಾಣೆಯಾದಾಗ ಪೊಲೀಸರು ಯಾರ ಮನೆಗೆ ಮೊದಲು ಬರುತ್ತಾರೆ ಅಂತ ಹೇಳಬೇಕಿಲ್ಲ. ಆಗ ಮತ್ತೆ ಚೌಕಾಸಿ ಮಾಡೋಣ ಅಂದರೆ ಆಗದು. ಅದೇ ಅಪರಾಧದಲ್ಲಿ ಒಮ್ಮೆ ಶಿಕ್ಷೆಯಾದವನಿಗೆ ಈ ಬಾಗಿಲು ಬಂದ್. ಬೇರೆ ಅಂಗಡಿಗಳಲ್ಲಿ ಹಳೇ ಗಿರಾಕಿಗೆ ಇನ್ನೂ ನೂರು ರೂಪಾಯಿ ಬಿಡುತ್ತಾರೆ.